ದೊಡ್ಡದು ಮಾಡಿದ ಬ್ಯಾಟರಿ

ಅಂಗಡಿಯವರು ಮೂಲೆಯ ಡಬ್ಬಿಯೊಳಗಿಂದ ಹಳೆ ನಮೂನೆಯ ಸ್ಟೀಲಿನ ಬ್ಯಾಟರಿಯೊಂದನ್ನು ತೆಗೆದು, ಅರಿವೆಯಿಂದ ಒರೆಸಿ, ಹಿಂದಿನ ಮುಚ್ಚಳ ತಿರುವಿ ನನ್ನ ಕೈಗಿತ್ತರು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು, ಒಳಗೆ ಹಾಕುವುದು ಸೆಲ್ಲು. ಯಾವ ಕಾಲದಲ್ಲೋ ಹಾಕಿ ಮರೆತ ಸೆಲ್ಲು ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿದಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಗಳ ಜೊತೆ ಜತ್ತಿನ ಬಜಾರಿನಲ್ಲಿ ನಿಂತಿದ್ದೇನೆ ಎನ್ನುವುದೇ ಮರೆತುಹೋಯಿತು. ಇದೇ ಸಾಲಿನ ಒಂದು ಅಂಗಡಿಯ ಮುಂದೆ, ನಾನಿನ್ನೂ ಕಾಲೇಜಿಗೆ ಹೋಗುವ ಹುಡುಗಿಯಾಗಿದ್ದಾಗ, ಮಾವಶಿಯ ಪಕ್ಕ ನಿಂತಿದ್ದೆ...

ಮಾವಶಿ ನನ್ನ ತಾಯಿಯ ತಂಗಿಯೇನಲ್ಲ. ಬಿಳೂರ ಹಾದಿಯ ನಮ್ಮ ವಸ್ತಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವಳದು. ಇಂಡಿ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡುವ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಇಷ್ಟು ವರ್ಷ ಮಹಾರಾಷ್ಟ್ರದ ನೀರು ಕುಡಿದರೂ ಅವಳ ನಾಲಿಗೆಗೆ ಮರಾಠಿ ಹೊರಳಲೇ ಇಲ್ಲ. ಬಜಾರಕ್ಕೆ ಹೋದರೆ ನಾನೇ ಅವಳ ಬಾಯಿ.

ಅವಳ ಕನ್ನಡಕ್ಕೂ ಅದರದೇ ಆದ ಮಡಿ ಇತ್ತು. ಬಳೆ ಒಡೆದರೆ ಒಡೆಯಿತು ಎನ್ನುತ್ತಿರಲಿಲ್ಲ, ಹೆಚ್ಚಾಯಿತು ಎನ್ನುತ್ತಿದ್ದಳು. ದೀಪ ಆರಿಸು ಎಂದು ಅವಳ ಬಾಯಲ್ಲಿ ಸತ್ತರೂ ಬರುತ್ತಿರಲಿಲ್ಲ. "ದೀಪ ದೊಡ್ಡದ ಮಾಡ" ಎನ್ನುವಳು. ಹಳೆಯ ಮನೆಗಳಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು, ಅದೇನು ವಿಶೇಷವಲ್ಲ. ಆದರೆ ಮಾವಶಿ ಈ ಮಾತನ್ನು ಲೈಟಿಗೂ ಬ್ಯಾಟರಿಗೂ ಹಚ್ಚಿಬಿಟ್ಟಿದ್ದಳು. ನಾನು ಸಂಜೆ ಅಂಗಳದಲ್ಲಿ ಬ್ಯಾಟರಿ ಹಿಡಿದು ಆಡಿದರೆ ಗೋಡೆಯ ಆಚೆಯಿಂದ ಕೂಗು ಬರುತ್ತಿತ್ತು.

"ಏ ಹುಡುಗಿ, ಬ್ಯಾಟರಿ ದೊಡ್ಡದ ಮಾಡ, ಸೆಲ್ ತೀರತಾವ!"

"ಇದ್ದದ್ದs ಇಷ್ಟು ಮಾವಶಿ, ಹೆಂಗ ದೊಡ್ಡದ ಮಾಡ್ಲಿ?" ಎಂದು ನಾನು ಕಾಡಿಸುತ್ತಿದ್ದೆ.

"ನಗಬ್ಯಾಡ. ಬೆಳಕಿಗೆ ಆರು ಅನಬಾರ್ದವ್ವ. ಅದೂ ಕೇಳಸ್ಕೋತೈತಿ."

ಬೆಳಕು ಕೇಳಿಸಿಕೊಳ್ಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮನುಷ್ಯರಂತೂ ಕೇಳಿಸಿಕೊಳ್ಳುವುದಿಲ್ಲ, ಅದನ್ನು ಆಮೇಲೆ ಕಂಡೆ.

ಶೆಡ್ಡಿನಿಂದ ಬರುವಾಗ ಅವಳು ಹಾದಿ ಒಡೆಯುವ ಫಾಟಾದಲ್ಲಿ, ಸೀಟಿಗಿಷ್ಟೆಂದು ಜನ ತುಂಬುವ ವಡಾಪಿನ ಜೀಪು ಇಳಿದು ವಸ್ತಿಯ ತನಕ ನಡೆದು ಬರಬೇಕಿತ್ತು. ಸೀಸನ್ನಿನಲ್ಲಿ ಅವಳು ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಹಾದಿಯಲ್ಲಿ ಜಾಲಿಗಿಡಗಳ ಒಂದು ತಿರುವು. ಶೆಡ್ಡಿನ ಮಾಲೀಕನ ಅಣ್ಣನ ಮಗ ಆ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯತೊಡಗಿದ. ಮೊದಲು ಮಾತು, ಆಮೇಲೆ ಪಕ್ಕದಲ್ಲಿ ನಡಿಗೆ, ಆಮೇಲೆ ಸೆರಗು... ಮಾವಶಿ ನನ್ನ ಅಮ್ಮನೊಬ್ಬಳಿಗೆ ಹೇಳಿದಳು. ಅಮ್ಮ "ಕೆಲಸ ಬಿಡವ್ವ" ಎಂದಳು. "ಬಿಟ್ಟ ಏನ ತಿನ್ನಲಿ?" ಎಂದಳು ಮಾವಶಿ. ಮರುವಾರ ಸಂತೆಯ ದಿನ ಮಾವಶಿ ನನ್ನನ್ನು ಕರೆದುಕೊಂಡು ಬ್ಯಾಟರಿ ಕೊಳ್ಳಲು ಜತ್ತಿಗೆ ಬಂದಳು.

ಮಗಳ ಮದುವೆಗೆ ಬಂಗಾರ ಕೊಳ್ಳುವವರೂ ಅಷ್ಟು ಹೊತ್ತು ಕೂತಿರಲಿಕ್ಕಿಲ್ಲ. ಅಂಗಡಿಯವ ಮೊದಲು ಪ್ಲಾಸ್ಟಿಕ್ಕಿನವು ತೋರಿಸಿದ. ಸೋವಿ, ಹಗುರ, ಬೆಳಕು ಝಗ್ಗನೆ. ಮಾವಶಿ ಒಂದನ್ನು ಅಂಗೈಯಲ್ಲಿ ತೂಗಿ, "ಇದ್ರಲಿಂದ ಹೊಡದ್ರ ನೊಣಾನೂ ಸಾಯಂಗಿಲ್ಲ" ಎಂದಳು. ಚಾರ್ಜಿಂಗಿನದು ತೋರಿಸಿದ. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ದೇವರಿಗೇ ಗೊತ್ತಿಲ್ಲದ ವಸ್ತಿಯಲ್ಲಿ ಅದನ್ನು ಕಟ್ಟಿಕೊಂಡು ಏನು ಮಾಡುವುದು? ಬೇಡ ಎಂದಳು. ಕೊನೆಗೆ ಸ್ಟೀಲಿನದು ಬಂತು. ಮೊಳಕ್ಕಿಂತ ಸಣ್ಣದು, ಆದರೆ ಕೈಗೆ ಭಾರ. ಬೆಳಕು ಅಷ್ಟೇನಿಲ್ಲ, ಅರಿಶಿನದ ಬಣ್ಣ. ಮಾವಶಿ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಗುಂಡಿ ಹುಡುಕಿದಳು. ಹತ್ತಿಸಿ, ಆರಿಸಿ, ಹತ್ತಿಸಿ, ಆರಿಸಿ... ಗುಂಡಿ ಗಟ್ಟಿಯಿದ್ದರೆ ಆ ಗಳಿಗೆಯಲ್ಲಿ ಕೈಕೊಡುತ್ತದೆ, ಸಡಿಲವಿದ್ದರೆ ಚೀಲದಲ್ಲೇ ಹತ್ತಿಕೊಂಡು ಸೆಲ್ಲು ತಿನ್ನುತ್ತದೆ. ಇದೆಲ್ಲ ಅವಳೇ ಯೋಚಿಸಿಕೊಂಡು ಬಂದಿದ್ದಳು. ತಟ್ಟನೆ ನನ್ನ ಮುಖದ ಮೇಲೆ ಬೆಳಕು ಬಿಟ್ಟು ಆರಿಸಿದಳು. ನನ್ನ ಕಣ್ಣ ಮುಂದೆ ಹಳದಿ ಗುಂಡುಗಳು ಕುಣಿದವು, ಅವಳೆಲ್ಲಿದ್ದಾಳೆ ತಿಳಿಯಲಿಲ್ಲ. ನಕ್ಕಳು. "ಇದs ಇರ್ಲಿ. ಹಾವಿಗೂ ಆತು, ಮನಷಾಗೂ ಆತು."

ಅವಳು ಅಷ್ಟು ಖುಷಿಯಾಗಿ ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ.

ಕೆಲವು ದಿನ ಬ್ಯಾಟರಿಯ ಬೆಳಕು ಕಂಡರೇ ಅವನು ಗಾಡಿ ತಿರುಗಿಸುತ್ತಿದ್ದ. ಒಂದು ಸಂಜೆ ತಿರುಗಿಸಲಿಲ್ಲ. ಕೈ ಹಿಡಿದ. ಮಾವಶಿ ಅಂಗಡಿಯಲ್ಲಿ ಕಲಿತದ್ದನ್ನೇ ಮಾಡಿದಳು: ಮುಖಕ್ಕೆ ಬೆಳಕು ಬಿಟ್ಟು, ಆರಿಸಿ, ಪಕ್ಕಕ್ಕೆ ಸರಿದು ಬೀಸಿದಳು. ಹುಬ್ಬು ಸೀಳಿತು. ಅವನು ನೆತ್ತರ ಒರೆಸಿಕೊಳ್ಳುತ್ತಾ ನೆಟ್ಟಗೆ ಠಾಣೆಗೆ ಹೋದ. ಹೋಗಬೇಕಾದವಳು ಮಾವಶಿ, ಆದರೆ ಗಾಡಿ ಇದ್ದದ್ದು ಅವನ ಹತ್ತಿರ.

ಮರುದಿನ ಅವಳನ್ನು ಕರೆಸಿದರು. ಅಪ್ಪನ ಜೊತೆ ನಾನೂ ಹೋದೆ. ಜಬಾಬು, ಅಂದರೆ ಹೇಳಿಕೆ, ಬರೆದುಕೊಳ್ಳುವ ಹವಾಲ್ದಾರ ಬೇರೆ ಕಡೆಯಿಂದ ಬದಲಿಯಾಗಿ ಬಂದವನು, ಬಜಾರಿನ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. ನನಗೆ ನಡುವೆ ಬಾಯಿ ಹಾಕಬೇಡ ಎಂದ. ಮಾವಶಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ಮಾರಿ ಮ್ಯಾಲ ಬ್ಯಾಟರಿ ಬಿಟ್ನಿರಿ. ಆಮ್ಯಾಲ ಬ್ಯಾಟರಿ ದೊಡ್ಡದ ಮಾಡಿ ಹೊಡದ್ನಿರಿ."

ಅವನ ಕಿವಿಗೆ ಬಿದ್ದದ್ದು ದೊಡ್ಡದು ಎನ್ನುವ ಒಂದು ಮಾತು. ಬೇಕೆಂದೇ ದೊಡ್ಡ ಬ್ಯಾಟರಿ ತಂದು ಹೊಡೆದಳು ಎಂದು ಮರಾಠಿಯಲ್ಲಿ ಬರೆದ, ಓದಿ ಹೇಳಿದ. ನಾನು ತಡೆಯಲಾರದೆ ಎದ್ದೆ. ಸಾಹೇಬ್ರ, ದೊಡ್ಡದು ಮಾಡುವುದು ಅಂದರೆ ಆರಿಸುವುದು, ನಮ್ಮಲ್ಲಿ ಹಾಗೆ ಅನ್ನುತ್ತಾರೆ ಎಂದು ನನಗೆ ಬಂದಷ್ಟು ಮರಾಠಿಯಲ್ಲೆಲ್ಲ ಬಿಡಿಸಿ ಹೇಳಿದೆ. ಅವನು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

"ದಿವಾ ವಿಝಲಾ ಕೀ ಮೋಠಾ ಹೋತೋ ಕಾಯ?"

ದೀಪ ಆರಿದರೆ ದೊಡ್ಡದಾಗುತ್ತದೇನು? ಅಲ್ಲಿದ್ದವರೆಲ್ಲ ನಕ್ಕರು. ಅವರು ನಕ್ಕದ್ದರಲ್ಲಿ ತಪ್ಪೇನಿದೆ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ, ಅನಿಸಿದಾಗ ಮೈ ಉರಿಯುತ್ತದೆ. ಮಾವಶಿ ನಮ್ಮ ಮುಖ ನೋಡುತ್ತಿದ್ದಳು. ತನ್ನ ಮಾತಿನಲ್ಲಿ ಯಾವುದು ತಪ್ಪಾಯಿತು ಎಂದು ಅವಳಿಗೆ ತಿಳಿಯಲೇ ಇಲ್ಲ. ಬ್ಯಾಟರಿಯನ್ನು ಚೀಟಿ ಹಚ್ಚಿ ಜಪ್ತು ಮಾಡಿಕೊಂಡರು.

ಕೇಸು ಕೋರ್ಟಿಗೆ ಹೋಗುವ ಮುಂಚೆ ಊರಿನ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಅಲ್ಲೇ ಮಿಟಾಯಿಸಿ ಮುಗಿಸಿದರು. ನ್ಯಾಯವೆಂದರೆ ಏನು? ಮಾವಶಿ ಮಗನ ವಯಸ್ಸಿನವನ ಕಾಲು ಮುಟ್ಟಬೇಕು. ಮುಟ್ಟಿದಳು. ಅದಕ್ಕೂ ಹಿರಿಯರೊಬ್ಬರಿಗೆ ಸಮಾಧಾನವಾಗಲಿಲ್ಲ.

"ಇನ್ನ ಮ್ಯಾಲ ಕೈಯಾಗ ಬ್ಯಾಟರಿ ಹಿಡದದ್ದು ಕಂಡ್ರ ಕೇಸ್ ಮತ್ತ ಮ್ಯಾಲ ಬರ್ತೈತಿ, ನೋಡವ್ವಾ."

"ಹಾದಿ ಕಾಣಬೇಕಲ್ರಿ ಯಪ್ಪಾ?" ಎಂದು ಮಾವಶಿ ಮೆಲ್ಲಗೆ ಕೇಳಿದಳು.

"ಇಷ್ಟ ವರ್ಷ ಅಡ್ಡಾಡಿಲ್ಲೇನು? ಕಾಲಿಗೆ ಹಾದಿ ಗೊತ್ತೈತಿ."

ನನ್ನ ಅಪ್ಪನೂ ಅವರ ನಡುವೆಯೇ ಕೂತಿದ್ದ. ಬಾಯಿದ್ದವರೆಲ್ಲ ಕಟ್ಟೆಯ ಮೇಲಿದ್ದರು, ಹಾದಿ ನಡೆಯಬೇಕಾದವಳು ಕೆಳಗಿದ್ದಳು.

ಆ ಶೆಡ್ಡಿನಲ್ಲಿ ಮತ್ತೆ ಕೆಲಸ ಸಿಗುವುದು ದೂರದ ಮಾತು. ಕರಜಗಿ ಕಡೆ ಒಂದು ತೋಟದ ಕೆಲಸ ಹಿಡಿದಳು, ಬರುವುದು ಇನ್ನೂ ತಡವಾಗುತ್ತಿತ್ತು. ಅಮ್ಮ ತಡೆಯಲಾರದೆ ಒಂದು ಸಣ್ಣ ಪ್ಲಾಸ್ಟಿಕ್ ಬ್ಯಾಟರಿ ತರಿಸಿಕೊಟ್ಟಳು. ಅದನ್ನು ಮಾವಶಿ ಚಂಚಿಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡಳು. ಹಾದಿಯಲ್ಲಿ ಅದು ಹತ್ತಿದ್ದನ್ನು ನಾನು ಕಾಣಲಿಲ್ಲ. ಮುಂಚೆ ಸಂಜೆ ಆ ಅರಿಶಿನ ಬಣ್ಣದ ಬೆಳಕು ಅಲ್ಲಾಡುತ್ತ ಬರುವುದನ್ನು ಕಂಡು ಅಮ್ಮ ಅವಳಿಗೂ ಒಂದು ರೊಟ್ಟಿ ಬಡಿಯುತ್ತಿದ್ದಳು. ಈಗ ಕೆಮ್ಮು ಕೇಳಿದ ಮೇಲೆಯೇ ಬಂದಳೆಂದು ತಿಳಿಯಬೇಕಿತ್ತು.

ಮಳೆ ಹಿಡಿದ ದಿನಗಳು. ಅದೇ ಜಾಲಿಗಿಡದ ತಿರುವಿನಲ್ಲಿ, ದೀಪ ಹಚ್ಚುವ ಹೊತ್ತಿಗೆ, ಅವಳ ಕಾಲಿಗೆ ಕೊಳಕಮಂಡಲ ಹಾವು ಕಚ್ಚಿತು. ಅಲ್ಲಿಂದ ನಮ್ಮ ಅಂಗಳದ ತನಕ ನಡೆದು ಬಂದಳು. ಜೀಪಿಗೆ ಓಡಿದರು, ಜೀಪು ಬರುವಷ್ಟರಲ್ಲಿ ಕಾಲು ಬಾತು ಮೈ ನಡುಗುತ್ತಿತ್ತು. ಅಮ್ಮನ ತೊಡೆಯ ಮೇಲೆ ತಲೆ ಇಟ್ಟು, "ಕಾಣಲಿಲ್ಲ ಯಕ್ಕಾ... ಏನೂ ಕಾಣಲಿಲ್ಲ" ಎನ್ನುತ್ತಲೇ ಇದ್ದಳು. ಜತ್ತು ಮುಟ್ಟಲಿಲ್ಲ.

ಅವಳನ್ನು ತಿರುಗಿ ತಂದು ಮಲಗಿಸಿದಾಗ ಸೊಂಟದ ಚಂಚಿ ಬಿಚ್ಚಿದೆವು. ಬ್ಯಾಟರಿ ಇತ್ತು. ಗುಂಡಿ ಒತ್ತಿದೆ. ಹತ್ತಿತು. ಸೆಲ್ಲು ಹೊಸವಾಗಿಯೇ ಇದ್ದವು, ಅವಳ ಮುಖದ ಮೇಲೆ ಬೆಳಕು ಝಗ್ಗನೆ ಬಿತ್ತು. ಆರಿಸಲು ತಿಳಿಯದೆ ಹಾಗೇ ಹಿಡಿದುಕೊಂಡಿದ್ದೆ. ಆಗ ಅಮ್ಮ, ಬ್ಯಾಟರಿಗೆ ಎಂದೂ ಹಾಗೆ ಅನ್ನದ ನನ್ನ ಅಮ್ಮ, "ದೊಡ್ಡದ ಮಾಡವ್ವ ಅದನ್ನ" ಎಂದು ಗೋಡೆಗೆ ಹಣೆ ಹಚ್ಚಿದಳು.

"ಮಮ್ಮಿ, ಇದು ಚಲೋ ಐತಿ ನೋಡ." ಮಗಳು ನನ್ನ ಕೈಯಿಂದ ಸ್ಟೀಲಿನ ಬ್ಯಾಟರಿ ಕಸಿದುಕೊಂಡು ಗಾಳಿಯಲ್ಲಿ ಬೀಸಿದಳು. "ಬೆಳಕಿಗೂ ಆತು, ಯಾವನಾರ ಅಡ್ಡ ಬಂದ್ರ ತಲಿ ಒಡ್ಯಾಕೂ ಆತು." ಅವಳಿಗೆ ಜತ್ತಿನ ದವಾಖಾನೆಯೊಂದರಲ್ಲಿ ನರ್ಸಿನ ಕೆಲಸ ಸಿಕ್ಕಿದೆ. ನಾನು ಮದುವೆಯಾಗಿ ಬಂದ ಶೇಗಾಂವದ ನಮ್ಮ ವಸ್ತಿಗೂ ಫಾಟಾದಿಂದ ನಡೆದೇ ಬರಬೇಕು. ಮೊಬೈಲಿನ ಬೆಳಕನ್ನು ನಾನೇ ಬೇಡ ಎಂದಿದ್ದೆ. ಅದು ಕಾಲಬುಡಕ್ಕಷ್ಟೇ ಬೀಳುತ್ತದೆ, ಯಾರಾದರೂ ಕಸಿದರೆ ಬೆಳಕೂ ಹೋಯಿತು, ಕರೆಯುವ ದಾರಿಯೂ ಹೋಯಿತು.

ನಾನು ಸ್ಟೀಲಿನದನ್ನು ಅವಳ ಕೈಯಿಂದ ತೆಗೆದು ಗಲ್ಲೆಯ ಮೇಲಿಟ್ಟೆ. ಪ್ಲಾಸ್ಟಿಕ್ಕಿನ ಸಣ್ಣದೊಂದನ್ನು ಆಯ್ದುಕೊಂಡೆ. ಹಗುರ, ಯಾರಿಗೂ ಪೆಟ್ಟಾಗದಂಥದು.

"ದೊಡ್ಡದು ಬ್ಯಾಡೇನ್ರಿ ಅಕ್ಕಾರ?" ಎಂದರು ಅಂಗಡಿಯವರು.

"ಬ್ಯಾಡ್ರಿ. ದೊಡ್ಡದು ಬ್ಯಾಡ."

ಮಗಳು ಮುಖ ಊದಿಸಿಕೊಂಡಳು. ಅವಳಿಗೆ ಏನೆಂದು ಹೇಳಲಿ? ಹೊಡೆಯುವ ಬ್ಯಾಟರಿ ಕೊಡಿಸಿದರೆ ಅದನ್ನು ಕಸಿದುಕೊಳ್ಳುವ ಕೈಗಳು ಇನ್ನೂ ಇವೆ ಎಂದು ಹೇಳಲೇ? ಆ ಕಟ್ಟೆಯ ಮೇಲಿನವರೆಲ್ಲ ತೀರಿಹೋಗಿದ್ದಾರೆ. ಆದರೂ ಅವರ ಮಾತನ್ನು ನಾನೇ ನಡೆಸಿಕೊಟ್ಟೆ.

ಫಾಟಾದಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಮಗಳು ಹೊಸ ಬ್ಯಾಟರಿ ಚೀಲದಲ್ಲಿಟ್ಟುಕೊಂಡು ಮುಂದೆ ನಡೆದಳು.

"ಬ್ಯಾಟರಿ ಹಚ್ಚ್ಕೋ" ಎಂದೆ.

"ಇನ್ನೂ ಕಾಣತೈತಲಾ ಮಮ್ಮಿ."

"ಕಂಡ್ರೂ ಹಚ್ಚ್ಕೋ."