ಒಂದನ್ನೂ ದಾಟದ ಸರಾಸರಿ

ಬೇಸ್‌ಬಾಲನ್ನು ನಾನು ಆಟವೆಂದು ಒಪ್ಪಿದವನೇ ಅಲ್ಲ. ಚೆಂಡು ನೆಲಕ್ಕೆ ತಾಗುವುದಿಲ್ಲ, ಎಲ್ಲವೂ ಫುಲ್‌ಟಾಸ್. ಕ್ಯಾಚ್ ಹಿಡಿಯಲು ಕೈಗೆ ಬುಟ್ಟಿಯಂಥ ಗ್ಲೌಸ್. ಹೊಡೆದವನು ಬ್ಯಾಟ್ ಬಿಸಾಕಿ ಓಡುತ್ತಾನೆ. ಮೈಸೂರಿನಲ್ಲಿ ನಮ್ಮ ಕ್ರಿಕೆಟ್ ಕೋಚ್ ಎದುರು ಹಾಗೆ ಬಿಸಾಕಿದ್ದರೆ ಮೈದಾನಕ್ಕೆ ನಾಲ್ಕು ಸುತ್ತು ಓಡಿಸುತ್ತಿದ್ದರು. ಈ ದೇಶಕ್ಕೆ ಬಂದ ಮೇಲೆ, ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಈ ಆಟದ ಮಾತು ಬಂದರೆ ನಾನು ಕಾಫಿ ಲೋಟ ಹಿಡಿದು ಎದ್ದು ಹೋಗುತ್ತಿದ್ದೆ.

ಅಂಥವನ ಮಗಳು, ಏಳನೇ ಕ್ಲಾಸಿನವಳು, ಇತಿಹಾಸದ ಸ್ಪರ್ಧೆಗೆ ಆರಿಸಿಕೊಂಡದ್ದು ಇದನ್ನೇ. ದುಡ್ಡು ಪಡೆದು ಆಡುವ ಬೇಸ್‌ಬಾಲ್ ಆಗಷ್ಟೇ ಶುರುವಾಗಿದ್ದ ಕಾಲದ ಒಂದು ಸೀಸನ್ನಿನಲ್ಲಿ ಯಾರ ಬ್ಯಾಟಿಂಗ್ ಸರಾಸರಿ ಎಲ್ಲರಿಗಿಂತ ಹೆಚ್ಚಿತ್ತು ಎಂಬ ವಿಷಯ. ಎರಡು ತಿಂಗಳು ಲೈಬ್ರರಿಯಲ್ಲಿ ಕೂತು, ಹಳೆಯ ಪತ್ರಿಕೆಗಳ ಸ್ಕೋರ್ ಪಟ್ಟಿಗಳಿಂದ ಒಬ್ಬೊಬ್ಬನ ಅಂಕಿಗಳನ್ನೂ ತಾನೇ ಹೆಕ್ಕಿದಳು. ನಮ್ಮೂರು ಇರ್ವಿಂಗ್‌ನಲ್ಲಿ ಗೆದ್ದು ಆಸ್ಟಿನ್‌ನ ರಾಜ್ಯಮಟ್ಟದ ಕೊನೆಯ ಸುತ್ತಿಗೆ ಆಯ್ಕೆಯಾದಳು. ಅಲ್ಲಿಯೂ ಗೆಲ್ಲಲೇಬೇಕೆಂದು ಊಟದ ನಡುವೆಯೂ ತನ್ನ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು.

ಅವಳ ಪಟ್ಟಿ ನೋಡಿ ನನಗೆ ನಗು ಬಂತು. ಎಷ್ಟು ಸಲ ಬ್ಯಾಟ್ ಹಿಡಿದ, ಅದರಲ್ಲಿ ಎಷ್ಟು ಸಲ ಸರಿಯಾಗಿ ಹೊಡೆದ, ಇಷ್ಟೇ ಅವರ ಸರಾಸರಿ. ಮೊದಲನೆಯವನದೂ ಒಂದನ್ನು ದಾಟಿರಲಿಲ್ಲ.

“ನಮ್ಮ ಟೀಮಿನ ಹನ್ನೊಂದನೇ ನಂಬರ್‌ನೋನ ಆವರೇಜ್ ಇದಕ್ಕಿಂತ ಜಾಸ್ತಿ ಇತ್ತು ಕಣೇ,” ಎಂದೆ. ಅವಳು ನಗಲಿಲ್ಲ.

ಅಲ್ಲಿ ಇಡಬೇಕಿದ್ದ ಪೋಸ್ಟರನ್ನು ಆಫೀಸಿನ ದೊಡ್ಡ ಪ್ರಿಂಟರಿನಲ್ಲಿ ತೆಗೆಸಿಕೊಡುವುದು ನನ್ನ ಪಾಲಿನ ಕೆಲಸ. ಕಳಿಸುವ ಮುನ್ನ, ಅವಳನ್ನು ಒಂದು ಮಾತೂ ಕೇಳದೆ, ಪಟ್ಟಿಯನ್ನು ‘ಸರಿ’ ಮಾಡಿದೆ. ಅವಳೇ ಹೆಕ್ಕಿಟ್ಟಿದ್ದ ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸಿದೆ, ನಾವು ಮಾಡುವ ಹಾಗೆ. ಮೊದಲನೆಯವನು ಕೆಳಗಿಳಿದ, ಎಲ್ಲೋ ಕೆಳಗಿದ್ದವನು ಮೇಲೆ ಬಂದ. ಒಂದು ಪೆದ್ದು ಆಟಕ್ಕೆ ಬುದ್ಧಿ ಕಲಿಸಿದೆನೆಂದು ನನಗೆ ಖುಷಿಯೋ ಖುಷಿ.

ಆಸ್ಟಿನ್‌ನ ಹಾಲ್‌ನಲ್ಲಿ ಸುರುಳಿ ಸುತ್ತಿದ್ದ ಪೋಸ್ಟರನ್ನು ಮೊದಲ ಸಲ ಬಿಚ್ಚಿದ ಮಗಳು ಹಾಗೇ ನಿಂತುಬಿಟ್ಟಳು. “ಅಪ್ಪ, ಡಿಡ್ ಯು ಚೇಂಜ್ ಮೈ ನಂಬರ್ಸ್?”

“ಸರಿ ಮಾಡಿದೀನಿ ಪುಟ್ಟಿ. ಔಟ್ ಆಗದೆ ಉಳ್ಕೊಂಡೋನಿಗೆ ಏನೂ ಬೆಲೆ ಇಲ್ವಾ?”

“ದಟ್ಸ್ ಕ್ರಿಕೆಟ್, ಅಪ್ಪ.”

ಅಷ್ಟರಲ್ಲಿ ತೀರ್ಪುಗಾರರೊಬ್ಬರು ಬಂದರು. ಬಿಳಿ ಮೀಸೆಯ ಮುದುಕರು. ಕನ್ನಡಕ ಏರಿಸಿ ಪಟ್ಟಿ ಓದಿ, ಈ ಮನುಷ್ಯ ಮೊದಲನೆಯವನಾದದ್ದು ಹೇಗೆ, ಈ ಲೆಕ್ಕ ಯಾರದು ಎಂದು ಮೆತ್ತಗೆ ಕೇಳಿದರು.

ಮಗಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಲೆಕ್ಕ ತಾನೇ ಮಾಡಿದ್ದು, ತಪ್ಪಾಗಿದೆ ಎಂದಳು. ಅವರು ಕಾಗದದ ಮೇಲೆ ಏನೋ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಿಮಗೂ ಬೇಸ್‌ಬಾಲ್ ಇಷ್ಟವೇ ಎಂದು ನಗುತ್ತಾ ಕೇಳಿದರು. ಆಗಲಾದರೂ ನಿಜ ಹೇಳಬಹುದಿತ್ತು. ಜೇಬಿನಲ್ಲಿ ಕೈ ಇಟ್ಟುಕೊಂಡೇ, ಇಲ್ಲ, ನಾವು ಕ್ರಿಕೆಟ್‌ನವರು ಎಂದೆ. ನಕ್ಕೆ ಕೂಡ.

ಬಹುಮಾನ ಬರಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಹೆಂಡತಿಯ ಫೋನ್ ಬಂತು. ಕಾರಿನ ಸ್ಪೀಕರ್‌ನಲ್ಲಿ ಅವಳ ದನಿ ಜೋರಾಗಿ ಕೇಳಿಸಿತು.

“ಏನಾಯ್ತು ಪುಟ್ಟಿ?”

“ಐ ಮೆಸ್ಡ್ ಅಪ್ ದ ಮ್ಯಾತ್, ಅಮ್ಮ.”

“ಅಯ್ಯೋ, ಅಷ್ಟು ಕಷ್ಟಪಟ್ಟಿದ್ದೆ. ಒಂದ್ಸಲ ಅಪ್ಪನ ಹತ್ರ ಚೆಕ್ ಮಾಡಿಸ್ಕೊಬಾರ್ದಿತ್ತಾ?”

ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ “ಓಕೆ ಅಮ್ಮ” ಎಂದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡದೆ ಡ್ರೈವ್ ಮಾಡುತ್ತಲೇ ಇದ್ದೆ.