ಓಣಿಯ ನೀರು ಕುಡಿಯುವ ಅಂಗಳ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರನ್ನು ಕೇಳಿದರೂ ಒಂದೇ ಕತೆ: ಬಿಲ್ಡರ್ ಬುದ್ಧಿವಂತ, ಪಾಯ ಎತ್ತರಿಸಿ ಕಟ್ಟಿದ, ಅದಕ್ಕೇ ಚೆನ್ನೈನ ಈ ಅಡ್ಯಾರಿನಲ್ಲಿ ಎಂಥ ಮಳೆ ಹೊಡೆದರೂ ನಮ್ಮ ಪಾರ್ಕಿಂಗಿನಲ್ಲಿ ನೀರು ನಿಲ್ಲುವುದಿಲ್ಲ. ಒಪ್ಪೋಣ. ಆದರೆ ಎತ್ತರದಿಂದ ಇಳಿದ ನೀರು ಎಲ್ಲಿಗೆ ಹೋಯಿತು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ ಹೊತ್ತು ತಂದವಳಾದರೂ ಈ ಪ್ರಶ್ನೆಯನ್ನು ನಾನು ಬಹಳ ತಡವಾಗಿ ಕೇಳಿದೆ.

ನಮ್ಮದು ಐದು ಗೇಟುಗಳ ಖಾಸಗಿ ಓಣಿ. ನಾಲ್ಕು ಅಪಾರ್ಟ್‌ಮೆಂಟು. ಐದನೆಯದು ಮುಖ್ಯರಸ್ತೆಯ ಬಳಿ, ತಗ್ಗಿನಲ್ಲಿರುವ ಹಳೆಯ ಮನೆ; ತುಂಬ ಮರಳಿನ ಅಂಗಳ, ಎರಡು ತೆಂಗು, ಒಂದು ನುಗ್ಗೆ. ಅಲ್ಲಿರುವ ಮಾಮಿ ನಿವೃತ್ತ ಗಣಿತದ ಟೀಚರು. ಮೂರು ತಲೆಮಾರಿನಿಂದ ಮದರಾಸಿನವರು; ಅವರ ಕನ್ನಡಕ್ಕೆ ತಮಿಳು ನೆಂಟ. ಮೈಸೂರಿನಿಂದ ಬಂದ ನನಗೆ ಲೆಕ್ಕವನ್ನೂ ಕೋಲವನ್ನೂ, ಅಂದರೆ ಇಲ್ಲಿನ ರಂಗೋಲಿಯನ್ನೂ, ಕಲಿಸಿದವರು ಅವರೇ. "ಬಾಯಿ ಮಾತ್ರ ನೇರ ಮಾ ನಿಂಗೆ, ಗೆರೆ ಎಲ್ಲಾ ಕೋಣಲ್ಮಾಣಲ್," ಎಂದು ನನ್ನ ರಂಗೋಲಿಯನ್ನು ಕಾಲ್ಬೆರಳಲ್ಲೇ ತಿದ್ದುತ್ತಿದ್ದರು.

ರಸ್ತೆಯ ದೊಡ್ಡ ಚರಂಡಿಗೆ ನಮ್ಮ ಓಣಿಯಿಂದ ಕಾಲುವೆ ತೋಡಿಸಬೇಕಾಯಿತು. ಓಣಿ ಖಾಸಗಿಯಾದ್ದರಿಂದ ಖರ್ಚು ನಮ್ಮದೇ. ಓಣಿಯ ಸಂಘದ ಕಾರ್ಯದರ್ಶಿ ನನ್ನ ಅಪ್ಪ. ಒಂದು ಗೇಟಿಗೆ ಒಂದು ಪಾಲು ಎಂಬುದು ಅವರ ಸೂತ್ರ. ಸಭೆಯಲ್ಲಿ ಅದಕ್ಕಾಗಿ ವಾದಿಸಿದವಳು ನಾನು. ಸಮಾನತೆ ಅಂದೆ, ಗೇಟನ್ನು ಎಣಿಸುವುದು ಸುಲಭ ಅಂದೆ, ಚಪ್ಪಾಳೆ ಬಿತ್ತು. ಮಾಮಿ, "ಚೆನ್ನಾಗಿ ಪೇಸ್ತೀಯಾ ಮಾ," ಎಂದು ನನ್ನ ಮಾತುಗಾರಿಕೆಯನ್ನಷ್ಟೇ ಹೊಗಳಿ ಎದ್ದುಹೋದರು.

ಮಾರ್ಗಳಿ ತಿಂಗಳಲ್ಲಿ, ನಮ್ಮ ಧನುರ್ಮಾಸದಲ್ಲಿ, ಒಂದು ದಿನ, ಕೋಲದ ಹಿಟ್ಟು ಕೊಡುತ್ತಾ ಅವರೇ ಹೇಳಿದರು: ಪಾಲಿನ ಹಣ ಹೊಂದಿಸಲು ಅಂಗಳಕ್ಕೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸಲು ಬಾಡಿಗೆಗೆ ಕೊಡುತ್ತಾರಂತೆ. ಪೊಂಗಲ್ ಮುಗಿದ ಮೇಲೆ ಕೆಲಸದವರು ಬರುತ್ತಾರೆ, ತೆಂಗು ಎರಡೂ ಹೋಗುತ್ತವೆ. ನನಗೆ ಕಸಿವಿಸಿಯಾಯಿತು. ಆದರೆ ನನ್ನ ವಾದದಲ್ಲಿ ತಪ್ಪೇನೂ ಕಾಣಲಿಲ್ಲ.

ಎರಡು ದಿನದ ಮೇಲೆ ನಮ್ಮ ಗೇಟಿನ ಮುಂದೆ ದೊಡ್ಡ ನವಿಲು ಬರೆದು ಗಾಢ ನೀಲಿ ತುಂಬಿದೆ. ಎಂಟು ಗಂಟೆಗೆ ಧೋ ಎಂದು ಮಳೆ ಸುರಿದು ನಿಂತಿತು. ಮಾಮಿಯ ಫೋನು: "ನಿನ್ನ ನವಿಲು ನಮ್ಮ ಆತ್ತಿಗೇ ಬಂದುಬಿಟ್ಟಿದೆ, ಬಂದು ಕರ್ಕೊಂಡು ಹೋಗು."

ಅವರ ‘ಆತ್ತಿಗೆ’, ಅಂದರೆ ಮನೆಗೆ, ಓಡಿದೆ. ನಮ್ಮ ಗೇಟಿನಿಂದ ಹೊರಟ ನೀಲಿ ಗೆರೆ ಓಣಿಯುದ್ದಕ್ಕೂ ಇಳಿದು, ಮಾಮಿಯ ಗೇಟಿನೊಳಗೆ ತಿರುಗಿ, ಮರಳಿನಲ್ಲಿ ಮುಗಿದಿತ್ತು. ಪಕ್ಕದಲ್ಲೇ ಎದುರು ಗೇಟಿನವರ ಕೆಂಪು, ಆಚೆಯವರ ಹಳದಿ, ಇನ್ನೊಬ್ಬರ ಹಸಿರು. ನಾಲ್ಕೂ ಗೇಟಿನ ಬಣ್ಣ ಅಲ್ಲಿತ್ತು. ನಿಂತ ನೀರು ಮಾತ್ರ ಒಂದು ಚೊಂಬಿನಷ್ಟೂ ಇರಲಿಲ್ಲ. ಅವರ ಅಂಗಳದಿಂದ ಹೊರಕ್ಕೆ ಒಂದೇ ಒಂದು ಗೆರೆ ಹರಿದಿರಲಿಲ್ಲ.

ಅಪ್ಪನನ್ನು ಬನಿಯನ್ನಿನಲ್ಲೇ ಎಳೆದು ತಂದೆ.

"ಇದನ್ನ ಐದರಿಂದ ಭಾಗಿಸಿ ನೋಡೋಣ," ಅಂದೆ.

"ಹೋದ ತಿಂಗಳು ಸಮಾನತೆ ಸಮಾನತೆ ಅಂತ ಕಿರುಚಿದ್ದು ನೀನೇ ಅಲ್ವೇನೆ?"

"ಈಗ ನಾನು ಎದುರು ಪಕ್ಷ."

ಅಪ್ಪ ಮರಳನ್ನು ಚಪ್ಪಲಿಯಿಂದ ಕೆದಕಿದರು. "ಮೂರು ದಿನ ಬಿಡದೆ ಹೊಡೆದರೆ ಇದೂ ತುಂಬಿಕೊಳ್ಳುತ್ತೆ. ಆಗ?"

ಉತ್ತರ ಕೊಟ್ಟವರು ಮಾಮಿ. "ವಾಸ್ತವ. ಅದಕ್ಕೇ ನನ್ನ ಮೊಟ್ಟೆಮಾಡಿ, ಈ ತಾರಸಿ ಮೇಲೆ ಬೀಳೋ ನೀರಿಗೆ ನಾನು ಕೊಡ್ತೀನಿ ಸಾರ್. ಮಣ್ಣಿಗೂ ಬಿಲ್ ಹಾಕಬೇಡಿ."

ಮತ್ತೆ ಸಭೆ ಸೇರಿತು. ತಾರಸಿಯೋ ಸಿಮೆಂಟೋ ಎಷ್ಟು ನೆಲ ಮುಚ್ಚಿದೆಯೋ ಅಷ್ಟು ಪಾಲು ಎಂದು ನನ್ನ ಹಳೆಯ ವಾದವನ್ನು ನಾನೇ ಕೆಡವಿದೆ. "ನಾನಿರೋದು ನಾಲ್ಕನೇ ಮಹಡಿ, ನೆಲಕ್ಕೂ ನನಗೂ ಏನಮ್ಮಾ?" ಎಂದರು ಒಬ್ಬರು. "ನಿಮ್ಮ ಕಾರೂ ನಾಲ್ಕನೇ ಮಹಡೀಲೇ ನಿಲ್ಲುತ್ತಾ ಸಾರ್?" ಅಂದೆ. ನಕ್ಕು ಕೈಯೆತ್ತಿದರು. ನಮ್ಮ ಪಾಲು ಏರಿತು. ಅಪ್ಪ ಮುಖ ಗಂಟಿಕ್ಕಿಕೊಂಡೇ ಟೇಪು ಹಿಡಿದು ಐದೂ ಮನೆ ಅಳೆದರು. ಮಾಮಿಯ ಗೇಟಿನಲ್ಲಿ ಟೇಪು ಸುತ್ತುತ್ತಾ, "ಇಷ್ಟು ವರ್ಷ ನಮ್ಮನೆ ಒಣಗಿದ್ದದ್ದು ನಿಮ್ಮಿಂದ," ಎಂದರು. ಅಪ್ಪನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದೇ ಅಪರೂಪ.

ಕೆಲಸದವರು ಬರಲಿಲ್ಲ. ತೆಂಗು ಅಲ್ಲೇ ಇವೆ. ನಾನೀಗ ಬರೀ ಅಕ್ಕಿಹಿಟ್ಟಿನಲ್ಲಿ ಬರೆಯುತ್ತೇನೆ. ಹರಿದುಹೋದರೆ ಮಾಮಿಯ ಅಂಗಳದ ಇರುವೆಗಳಿಗಾದರೂ ಸಿಗಲಿ. ಈ ಊರಿನಲ್ಲಿ ನನ್ನ ಕಾಲು ಒಣಗಿರುವುದು ಯಾರ ದಯೆಯಿಂದ ಎಂದು ಗೊತ್ತಾದ ಮೇಲೆ ಮಳೆ ಬಂದಾಗಲೆಲ್ಲ ಒಮ್ಮೆ ಆ ಕಡೆ ನೋಡುತ್ತೇನೆ.

ಮೊನ್ನೆ ಅವರ ಜಗಲಿಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಾ ಕೂತಾಗ ಕೇಳಿಯೇಬಿಟ್ಟೆ.

"ಮಾಮಿ, ನಾನು ಅವತ್ತು ಸಭೇಲಿ ಗೇಟು ಎಣಿಸ್ತಾ ಇದ್ದಾಗ, ನೀರೆಲ್ಲ ಎಲ್ಲಿಗೆ ಬರುತ್ತೆ ಅಂತ ನಿಮಗೆ ಗೊತ್ತಿತ್ತು. ಮತ್ತೆ ಯಾಕೆ ಸುಮ್ಮನಿದ್ರಿ?"

"ಚೆನ್ನಾಗಿ ಪೇಸ್ತಾ ಇದ್ದೆ ಮಾ, ಪೇಸೋವಾಗ ಯಾರಿಗೂ ಕಿವಿ ಕೇಳಲ್ಲ; ನೀರೇ ಗೆರೆ ಬರೆದು ತೋರಿಸಲಿ ಅಂತ ಬಿಟ್ಟೆ," ಎಂದು ಮಾಮಿ ಸೊಪ್ಪಿನಿಂದ ತಲೆಯೆತ್ತದೆಯೇ ಹೇಳಿದರು.