ಬೆಟಗೇರಿಯ ಒಂದು ಒಲೆ, ಎರಡು ಹೊಗೆ

೧೯೫೭ನೇ ಇಸವಿ. ಏಕೀಕರಣವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತುಮಕೂರು ಕಡೆಯವಳಾದ ನನ್ನನ್ನು ಸರ್ಕಾರದ ಅಂಕಿಅಂಶ ಇಲಾಖೆಯವರು ಇನ್ವೆಸ್ಟಿಗೇಟರ್ ಅಂತ ಗದಗಿಗೆ ಹಾಕಿದರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಆಯ್ದ ಮನೆಗಳಲ್ಲಿ ಅಡಿಗೆಗೆ ಏನು ಉರಿಸುತ್ತಾರೆ, ದೀಪಕ್ಕೆ ಏನು ಉರಿಸುತ್ತಾರೆ, ದಿನಕ್ಕೆ ಎಷ್ಟು ಬೇಕಾಗುತ್ತದೆ ಎಂದು ಅಳೆದು ಬರೆದುಕೊಂಡು ಬರುವುದು ನನ್ನ ಕೆಲಸ. ನನ್ನ ಜಾಣತನ ನೋಡಿ ಕೊಟ್ಟ ಕೆಲಸವೇನಲ್ಲ ಅದು. ಪರ ಗಂಡಸರನ್ನು ಅಡಿಗೆಮನೆಯ ಹತ್ತಿರ ಯಾರೂ ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಒಬ್ಬ ಹೆಂಗಸು ಬೇಕಿತ್ತು.

ಎಲ್ಲರೂ ಕನ್ನಡಿಗರೇ, ಈಗ ರಾಜ್ಯವೂ ಒಂದೇ ಎಂದು ಭಾಷಣ ಕೇಳಿ ರೈಲು ಹತ್ತಿದವಳು ನಾನು. ಇಲ್ಲಿ ನಾನು ಬಾಯಿ ಬಿಟ್ಟರೆ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. "ಅಕ್ಕಾರ, ಇನ್ನೊಮ್ಮೆ ಹೇಳ್ರಿ, ಚಂದ ಮಾತಾಡ್ತೀರಿ" ಎಂದು ಕೇಳಿ ಹೇಳಿಸಿ ಮತ್ತೆ ನಗುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ, ದಿನವಿಡೀ ನನ್ನೊಂದಿಗೆ ನಗುವವರು ಅವರಷ್ಟೇ ಎಂಬುದು ಹೊಳೆದು ಸುಮ್ಮನಾದೆ. ಸಂಜೆ ಸ್ಟೇಷನ್ ಹತ್ತಿರದ ನನ್ನ ಕೋಣೆಗೆ ಬಂದರೆ ಮಾತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಯ ಮಾಲೀಕರು ಒಳ್ಳೆಯವರೇ, ಆದರೆ ಒಂಟಿ ಹೆಂಗಸಿನ ಹತ್ತಿರ ಏನು ಮಾತಾಡುವುದೆಂದು ಅವರಿಗೂ ತಿಳಿಯುತ್ತಿರಲಿಲ್ಲ.

ಅಳೆಯುವ ಕ್ರಮ ಹೀಗಿತ್ತು. ಬೆಳಿಗ್ಗೆ ಮನೆಯವರು ಆ ದಿನಕ್ಕೆಂದು ತೆಗೆದಿಟ್ಟ ಕುಳ್ಳು (ನಮ್ಮ ಕಡೆಯ ಬೆರಣಿ), ಹತ್ತಿಕಟ್ಟಿಗೆ, ಸೌದೆಯನ್ನು ತಕ್ಕಡಿಯಲ್ಲಿ ತೂಗುವುದು. ಮರುದಿನ ಹೋಗಿ ಉಳಿದದ್ದನ್ನು ತೂಗಿ ಕಳೆಯುವುದು. ಚಿಮಣಿ ದೀಪದ ಎಣ್ಣೆಗೂ ಇದೇ ಲೆಕ್ಕ. ನಮ್ಮ ಶೆಡ್ಯೂಲಿನಲ್ಲಿ, ಅಂದರೆ ಪ್ರಶ್ನೆಗಳ ಹಾಳೆಯಲ್ಲಿ, ಕುಟುಂಬ ಎಂದರೆ ಒಂದೇ ಒಲೆಯ ಮೇಲೆ ಬೇಯಿಸಿದ್ದನ್ನು ಉಣ್ಣುವವರು ಎಂದು ಬರೆದಿತ್ತು. ಗೋಡೆ ಒಂದೇ ಇರಲಿ, ಬಾಗಿಲು ಒಂದೇ ಇರಲಿ, ಒಲೆ ಎರಡಾದರೆ ಕುಟುಂಬ ಎರಡು. ಕೇಳಿದರೆ ಬಹಳ ಸರಳ ಅನ್ನಿಸುತ್ತದೆ, ಅಲ್ಲವೇ?

ಲೆಕ್ಕ ಕೂಡಲಿಲ್ಲ. ಸೊರಟೂರಿನಲ್ಲೂ ಅಷ್ಟೇ, ಶಿರಹಟ್ಟಿಯಲ್ಲೂ ಅಷ್ಟೇ. "ಒಂದ ಒಲಿ ರೀ ನಮ್ಮದು" ಎಂದು ಹೇಳಿದ ಮನೆಗಳಲ್ಲಿ ಮದುವೆ ಅಡಿಗೆಗೆ ಸಾಕಾಗುವಷ್ಟು ಕುಳ್ಳು ಖರ್ಚಾಗುತ್ತಿತ್ತು. ನಮ್ಮ ಮೇಲ್ವಿಚಾರಕರು ಧಾರವಾಡದ ಕಡೆಯ ಪುರಾಣಿಕರು. ಅವರು ನನ್ನ ತಕ್ಕಡಿಯ ಮೇಲೆ ಅನುಮಾನಪಟ್ಟು, ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ತಕ್ಕಡಿ ಬರೋಬ್ಬರಿ ಐತಿ. ಮತ್ತ ಮಂದಿ ಸುಳ್ಳ ಹೇಳ್ತಾರ" ಅಂದರು.

ಸುಳ್ಳೂ ಅಲ್ಲ ಅದು. ಈ ಕಡೆ 'ಒಲಿ ಬ್ಯಾರೆ ಆತು' ಎಂದರೆ ಮನೆ ಒಡೆಯಿತು ಎಂದರ್ಥ. ಅಣ್ಣತಮ್ಮಂದಿರು ಮುಖ ನೋಡದೆ ವರ್ಷಗಟ್ಟಲೆ ಬೇರೆ ಬೇರೆ ಬೇಯಿಸಿಕೊಂಡು ಉಂಡರೂ, ಹೊರಗಿನವರ ಎದುರು ಒಲೆ ಒಂದೇ. ಸರ್ಕಾರದಿಂದ ಬಂದ ಹೆಂಗಸು ಹೊಸಿಲಲ್ಲಿ ನಿಂತು 'ನಿಮ್ಮಲ್ಲಿ ಒಲೆ ಎಷ್ಟು' ಎಂದು ಕೂಗಿ ಕೇಳಿದರೆ, ನಿಮ್ಮ ಮನೆ ಎಷ್ಟು ಚೂರಾಗಿದೆ ಎಂದು ಓಣಿಗೆಲ್ಲ ಕೇಳುವಂತೆ ಕೇಳಿದ ಹಾಗೆ. ಮರ್ಯಾದಸ್ಥರು ಯಾರು ಉತ್ತರ ಕೊಡುತ್ತಾರೆ?

ಇಷ್ಟು ನನಗೆ ತಿಳಿದದ್ದು ಬೆಟಗೇರಿಯ ನೇಕಾರ ವಿರೂಪಾಕ್ಷಪ್ಪನವರ ಮನೆಯಲ್ಲಿ. ಪಡಸಾಲೆಯಲ್ಲಿ ನೆಲ ತೋಡಿ ಹೂಡಿದ ಕುಣಿಮಗ್ಗ, ಒಳಗೆ ಅವರ ಹೆಂಡತಿ ಗಂಗವ್ವನ ಒಲೆ. ವಿರೂಪಾಕ್ಷಪ್ಪ ಮಗ್ಗದಿಂದ ತಲೆ ಎತ್ತದೆ "ಒಂದ ಒಲಿ, ಬರಕೋರಿ" ಅಂದರು. ನಾನು ತೂಗಲು ಕುಳ್ಳಿನ ಒಟ್ಟಿಲು ನೋಡಬೇಕೆಂದು ಹಿತ್ತಲಿಗೆ ಹೋದೆ. ಅಲ್ಲಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿಕೊಂಡು ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ವಿರೂಪಾಕ್ಷಪ್ಪನವರ ತೀರಿಹೋದ ತಮ್ಮನ ಹೆಂಡತಿ, ನೀಲವ್ವ. ಮಕ್ಕಳಿಲ್ಲ. ಗಂಗವ್ವನಿಗೂ ಅವಳಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ನೀಲವ್ವ ಬೇರೆಯವರ ಮಗ್ಗಗಳಿಗೆ ರಾಟೆಯಲ್ಲಿ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಹಗಲು ಹಿತ್ತಲ ಕೆಲಸ, ದನದ ಕೆಲಸ ಎಲ್ಲ ಅವಳದೇ. ಆದ್ದರಿಂದ ರಾಟೆಗೆ ಕೂರುತ್ತಿದ್ದದ್ದು ದೀಪ ಹಚ್ಚಿದ ಮೇಲೆ.

ಆಗ ನಮ್ಮ ಪಟ್ಟಿಯ ಆಧಾರದ ಮೇಲೆ ಕುಟುಂಬಕ್ಕೊಂದು ಸೀಮೆಎಣ್ಣೆ ಚೀಟಿ ಕೊಡುವುದೆಂದು ತೀರ್ಮಾನವಾಗಿತ್ತು. ನೀಲವ್ವನನ್ನು ಬೇರೆ ಕುಟುಂಬವೆಂದು ಬರೆದರೆ ಅವಳ ಹೆಸರಿಗೇ ಎಣ್ಣೆ. ಬರೆಯದಿದ್ದರೆ ಮನೆಗೆಲ್ಲ ಒಂದೇ ಚೀಟಿ, ಅದೂ ಗಂಗವ್ವನ ಕೈಯಲ್ಲಿ. ಎಣ್ಣೆ ಇಲ್ಲದಿದ್ದರೆ ರಾಟೆ ನಿಂತಂತೆ, ರಾಟೆ ನಿಂತರೆ ರೊಟ್ಟಿ ನಿಂತಂತೆ. ಪುರಾಣಿಕರನ್ನು ಕೇಳಿದೆ. "ಒಲಿ ಎಷ್ಟೋ ಕುಟುಂಬ ಅಷ್ಟ. ಇದರಾಗ ಕೇಳೂದೇನೈತಿ? ಬರದು ಒಗೀರಿ" ಅಂದರು. ಒಂದು ಒಳ್ಳೆಯ ಕೆಲಸ ಮಾಡುವ ಹುರುಪಿನಲ್ಲಿ ನಾನು ಮರುದಿನ ಹಿತ್ತಲ ಬಾಗಿಲಿನಿಂದಲೇ ಹೋದೆ.

ವಿಷಯ ಕೇಳಿ ನೀಲವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಬ್ಯಾಡ್ರಿ ಅಕ್ಕಾರ. ಬ್ಯಾರೆ ಅಂತ ಬರೀಬ್ಯಾಡ್ರಿ."

"ನೀನು ಬೇರೆ ಬೇಯಿಸಿಕೊಳ್ಳುತ್ತಿಲ್ಲವೇ? ಇದ್ದದ್ದನ್ನೇ ಬರೆಯುತ್ತೇನೆ. ನಿನಗೆ ಎಣ್ಣೆ ಸಿಗುತ್ತದೆ."

"ನೀವು ಬರದ್ರ ನಾ ಖರೇನ ಬ್ಯಾರೆ ಆಗ್ತೀನ್ರಿ. ಇನ್ನೂ ಆಗಿಲ್ಲ."

ನನಗೆ ಸಿಟ್ಟೇ ಬಂತು. ಇವಳಿಗೆ ಲಾಭ ಯಾವುದು ನಷ್ಟ ಯಾವುದು ಎಂದು ನಾನು ಬಿಡಿಸಿ ಹೇಳಬೇಕೇ? ಎದುರಿಗೆ ಉರಿಯುತ್ತಿದ್ದ ಮೂರು ಕಲ್ಲಿನ ಒಲೆಯನ್ನು ತೋರಿಸಿ, "ಇದೇನು ಹಾಗಾದರೆ?" ಅಂದೆ.

ಅವಳು ಕೂತು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಸಮಾಧಾನದಿಂದ ಹೇಳಿದಳು. "ದಿನಾ ಮುಂಜಾನಿ ಒಳಗ ಹೋಗಿ ಅಕ್ಕನ ಒಲಿಯಾಗಿನ ಕೆಂಡ ತರ್ತೀನ್ರಿ. ಅಕಿ ಮಾತಾಡೂದಿಲ್ಲ, ಖರೆ. ಆದ್ರ ನಾ ಬರೂದ್ರಾಗ ಎರಡು ಕೆಂಡ ಬಾಜೂಕ ಸರಿಸಿ ಇಟ್ಟಿರ್ತಾಳ. ಒಂದಿನಾನೂ ತಪ್ಪಿಸಿಲ್ಲ. ಬೆಂಕಿ ಒಂದ ಐತಿ, ಒಲಿ ಹ್ಯಾಂಗ ಬ್ಯಾರೆ ಆಕ್ಕೈತಿ ನೀವ ಹೇಳ್ರಿ. ನನ್ನ ಹೆಸರಿಲೆ ಚೀಟಿ ಬಂತಂದ್ರ ಆ ಕೆಂಡ ಬಂದ್ ಆಕ್ಕೈತಿ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಆಗ ಅವಳು, ಮಾತು ಬದಲಿಸಲೆಂದೋ ಏನೋ, ಕೇಳಿದಳು.

"ನೀವು ಬೆಂಕಿ ಯಾರ ಮನಿಯಿಂದ ತರ್ತೀರಿ ಅಕ್ಕಾರ?"

"ನನ್ನ ಹತ್ತಿರ ಸ್ಟೋವ್ ಇದೆ. ಬೆಂಕಿಪೊಟ್ಟಣ ಇದೆ. ಯಾರ ಮನೆಗೂ ಹೋಗಬೇಕಾಗಿಲ್ಲ."

ಕೊಟ್ಟಿಗೆಯ ಹೊಗೆಯಲ್ಲಿ ಕೂತಿದ್ದ ಆ ಹೆಂಗಸು ನನ್ನ ಮುಖವನ್ನೇ ನೋಡಿ, "ಅಯ್ಯ, ಪಾಪ" ಅಂದಳು. ಚೇಷ್ಟೆಯ ಮಾತಲ್ಲ ಅದು. ಇದ್ದೊಂದು ರೊಟ್ಟಿಯಲ್ಲಿ ಅರ್ಧ ಮುರಿದು, ಮೇಲೆ ಚಟ್ನಿಪುಡಿ ಹಾಕಿ ನನ್ನ ಕೈಗೆ ಕೊಟ್ಟಳು. ತಿಂದೆ.

ಒಂದು ಕುಟುಂಬ ಎಂದೇ ಬರೆದೆ. ಷರಾದಲ್ಲಿ, ಒಲೆ ಎರಡಿದ್ದರೂ ಬೆಂಕಿ ಒಂದೇ ಎಂದು ಸೇರಿಸಿದೆ. ಪುರಾಣಿಕರು ಅದನ್ನು ಓದಿ, "ಇದೇನ್ರಿ, ಪುರಾಣ ಬರದೀರಿ" ಎಂದು ಕನ್ನಡಕ ತೆಗೆದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಹಾಳೆ ತಿದ್ದದೆ ಸಹಿ ಹಾಕಿದರು. ಅವರ ಮನೆಯಲ್ಲಿ ಒಲೆ ಎಷ್ಟಿದ್ದವೋ ನಾನು ಕೇಳಲಿಲ್ಲ. ಚೀಟಿಗಳು ಬಂದವು. ವಿರೂಪಾಕ್ಷಪ್ಪನವರ ಮನೆಗೆ ಒಂದೇ.

ನೀಲವ್ವನ ಹೊಟ್ಟೆಗೆ ನಾನೇ ಕಲ್ಲು ಹಾಕಿದೆನೇನೋ ಎಂಬ ಕೊರಗು ನನಗೆ ಅಂಟಿಕೊಂಡಿತು. ಮುಂಡರಗಿ ಕಡೆಯ ಕೆಲಸ ಮುಗಿಸಿ ಬಂದವಳು ಒಂದು ಸಂಜೆ ತಡೆಯಲಾರದೆ ಆ ಓಣಿಗೆ ಹೋದೆ. ಹಿತ್ತಲಲ್ಲಿ ಕತ್ತಲು. ಮುಂದಿನ ಬಾಗಿಲಿಗೆ ಬಂದು ನೋಡಿದರೆ, ಪಡಸಾಲೆಯಲ್ಲಿ ಕಂದೀಲು ತೂಗುಹಾಕಿತ್ತು. ಅದರ ಈಚೆ ವಿರೂಪಾಕ್ಷಪ್ಪ ಮಗ್ಗದಲ್ಲಿ, ಆಚೆ ಗಂಗವ್ವ ಕಾಳು ಹಸನು ಮಾಡುತ್ತಾ, ಗೋಡೆಯ ಬದಿಗೆ ನೀಲವ್ವ ರಾಟೆ ತಿರುಗಿಸುತ್ತಾ ಕೂತಿದ್ದರು. ಹಿತ್ತಲ ಚಿಮಣಿಗೆ ಎಣ್ಣೆ ಸಾಲದೆ ರಾಟೆ ಒಳಗೆ ಬಂದಿತ್ತು. ಇಬ್ಬರು ಹೆಂಗಸರೂ ಆಗಲೂ ಮಾತಾಡುತ್ತಿರಲಿಲ್ಲ. ನೀಲವ್ವನ ನೂಲಿನ ಮೇಲೆ ತನ್ನ ನೆರಳು ಬಿದ್ದಾಗ ಗಂಗವ್ವ ಮೊರ ಎತ್ತಿಕೊಂಡು ಸ್ವಲ್ಪ ಸರಿದು ಕೂತಳು, ಅಷ್ಟೇ. ನಾನು ಒಳಗೆ ಹೋಗಲಿಲ್ಲ.

ಮೂವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದೆ. ಎಷ್ಟೋ ಹಳ್ಳಿಗೆ ಕಂಬ ಬಂದವು, ತಂತಿ ಬಂತು, ಗ್ಯಾಸ್ ಬಂತು. ಯಾವ ಮನೆಗೆ ಏನು ಬಂತೆಂದು ಬರೆದೆ. ಜನ ಏನು ಉರಿಸುತ್ತಾರೆ ಎಂಬುದನ್ನು ತೂಗಬಹುದು, ಯಾರ ಬೆಳಕಿನಲ್ಲಿ ಕೂರುತ್ತಾರೆ ಎಂಬುದನ್ನು ಕೂತು ಕೇಳಬೇಕು ಎಂದು ಕಿರಿಯರಿಗೆ ಹೇಳುತ್ತಾ ಬಂದೆ. ಅದನ್ನು ನಾನು ಕಲಿತದ್ದು ಆ ಸಂಜೆ, ಕೋಣೆಗೆ ಹಿಂತಿರುಗಿ ಸ್ವಿಚ್ ಒತ್ತಿದಾಗ. ಬಲ್ಬು ಹತ್ತಿತು. ಪಕ್ಕದಲ್ಲಿ ಸ್ಟೋವ್, ಅದರ ತುಂಬ ಎಣ್ಣೆ. ನಮ್ಮ ಶೆಡ್ಯೂಲಿನ ಪ್ರಕಾರ ನಾನು ನೋಡಿಬಂದ ಅಷ್ಟೂ ಮನೆಗಳಲ್ಲಿ ನನ್ನಷ್ಟು ಅನುಕೂಲವಾಗಿದ್ದವರು ಯಾರೂ ಇರಲಿಲ್ಲ. ಆ ಬೆಳಕಿನಲ್ಲಿ ಒಬ್ಬಳೇ ಕೂತು ಅತ್ತೆ.